ಬತ್ತಿದ ಕೆರೆಗಳ ಉಪ್ಪು: ಸಹಾರಾದ ಹವಾಗುಣ ಮತ್ತು ಒಂದು ವಾಣಿಜ್ಯದ ಚರಿತ್ರೆ

ಆಫ್ರಿಕಾ ಖಂಡದ ಉತ್ತರ ಭಾಗವನ್ನು ಅಟ್ಲಾಂಟಿಕ್ ಸಾಗರದಿಂದ ಕೆಂಪು ಸಮುದ್ರದವರೆಗೆ ಆವರಿಸಿರುವ ಸಹಾರಾ ಮರುಭೂಮಿಯ ವಿಸ್ತಾರ ಸುಮಾರು 90 ಲಕ್ಷ ಚದರ ಕಿಲೋಮೀಟರು. ಅಂದರೆ ಭಾರತದ ಸುಮಾರು ಎರಡೂಮುಕ್ಕಾಲು ಪಟ್ಟು. ಈ ಮರುಭೂಮಿ ಖಂಡವನ್ನು ಎರಡಾಗಿ ಸೀಳಿದ ಗೋಡೆಯೆಂದೂ, ಅದರ ಉತ್ತರದ ಮೆಡಿಟರೇನಿಯನ್ ಲೋಕಕ್ಕೂ ದಕ್ಷಿಣದ ಆಫ್ರಿಕಾಕ್ಕೂ ಹೇಳಿಕೊಳ್ಳುವಂಥ ಸಂಬಂಧವೇ ಇರಲಿಲ್ಲವೆಂದೂ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಹಲವು ವಿದ್ವಾಂಸರು ನಂಬಿದ್ದರು. ಮರುಭೂಮಿಯ ನೆಲದಡಿಯ ಪದರಗಳನ್ನೂ ಅದರ ಮೇಲೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ನಡೆದ ಉಪ್ಪಿನ ವ್ಯಾಪಾರವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಸಹಾರಾ ಒಂದು ಕಾಲದಲ್ಲಿ ಕೆರೆಗಳ ನಾಡಾಗಿತ್ತು. ಮಳೆ ಹಿಂದೆ ಸರಿದಾಗ ಆ ಕೆರೆಗಳು ಬತ್ತಿ ಉಪ್ಪಿನ ಹಾಸುಗಳಾದವು. ಆ ಉಪ್ಪನ್ನೇ ಒಂಟೆಗಳ ಮೇಲೆ ಹೇರಿ ದಕ್ಷಿಣದ ಚಿನ್ನಕ್ಕೂ ಧಾನ್ಯಕ್ಕೂ ವಿನಿಮಯ ಮಾಡಿಕೊಂಡ ಜನರು ಖಂಡದ ಎರಡು ಭಾಗಗಳನ್ನು ಬೆಸೆದರು. ಹೀಗೆ ಹವಾಗುಣದ ಚರಿತ್ರೆಯೂ ವಾಣಿಜ್ಯದ ಚರಿತ್ರೆಯೂ ಇಲ್ಲಿ ಒಂದೇ ಕಥನದ ಎರಡು ಭಾಗಗಳಾಗಿವೆ.

ಈ ಕಥನದ ಮೂಲ ಖಂಡದ ಭೂರಚನೆಯಲ್ಲಿದೆ. ಸುಮಾರು 3 ಕೋಟಿ ಚದರ ಕಿಲೋಮೀಟರು ವಿಸ್ತಾರದ ಆಫ್ರಿಕಾ, ಉತ್ತರ ಅಕ್ಷಾಂಶ 37 ಡಿಗ್ರಿಯಿಂದ ದಕ್ಷಿಣ ಅಕ್ಷಾಂಶ 35 ಡಿಗ್ರಿಯ ಆಸುಪಾಸಿನವರೆಗೆ ಹಬ್ಬಿದೆ. ಸಮಭಾಜಕ ವೃತ್ತ ಅದರ ನಡುವೆ ಹಾದುಹೋಗುವುದರಿಂದ ಮಧ್ಯದಲ್ಲಿ ಮಳೆಕಾಡು, ಅದರ ಎರಡೂ ಬದಿಗೆ ಮರಗಳು ಚದುರಿ ನಿಂತ ಸವನ್ನಾ ಎಂಬ ಹುಲ್ಲುಗಾವಲು, ಅದರಾಚೆ ಮರುಭೂಮಿ, ಎರಡು ತುದಿಗಳಲ್ಲಿ ಚಳಿಗಾಲದ ಮಳೆಯ ಕರಾವಳಿ, ಹೀಗೆ ಹವಾಗುಣದ ಪಟ್ಟಿಗಳು ಕ್ರಮವಾಗಿ ಹಾಸಿಕೊಂಡಿವೆ. ಏಷ್ಯಾದಲ್ಲಿ ಹಿಮಾಲಯವಿರುವಂತೆ ಪೂರ್ವ ಪಶ್ಚಿಮವಾಗಿ ಚಾಚಿ ಮಳೆಮೋಡಗಳನ್ನು ತಡೆದು ನಿಲ್ಲಿಸುವ ಮಹಾ ಪರ್ವತಶ್ರೇಣಿ ಸಹಾರಾಕ್ಕೂ ಸವನ್ನಾಕ್ಕೂ ನಡುವೆ ಇಲ್ಲ. ಆದ್ದರಿಂದ ಮಳೆಯ ಗಡಿ ಅಲ್ಲಿ ನೆಲದ ಮೇಲೆ ಗುರುತಾಗಿ ನಿಂತಿಲ್ಲ. ಅದು ವರ್ಷದಿಂದ ವರ್ಷಕ್ಕೆ, ಶತಮಾನದಿಂದ ಶತಮಾನಕ್ಕೆ ಸರಿದಾಡುತ್ತದೆ, ಮತ್ತು ಅದು ಸ್ವಲ್ಪವೇ ಸರಿದರೂ ನೂರಾರು ಕಿಲೋಮೀಟರು ಅಗಲದ ನೆಲದಲ್ಲಿ ಬದುಕುವವರ ಜೀವನಕ್ರಮ ಬದಲಾಗುತ್ತದೆ. ಸಹಾರಾ ಎಂದರೆ ಮರಳಷ್ಟೇ ಎಂಬ ಕಲ್ಪನೆಯೂ ಸರಿಯಲ್ಲ. 'ಎರ್ಗ್' ಎಂದು ಕರೆಯಲಾಗುವ ಮರಳುದಿಬ್ಬಗಳ ಪ್ರದೇಶ ಒಟ್ಟು ವಿಸ್ತಾರದಲ್ಲಿ ಸುಮಾರು ಕಾಲುಭಾಗ ಮಾತ್ರ; ಉಳಿದದ್ದು 'ಹಮಾದಾ' ಎಂಬ ಬರಿಯ ಬಂಡೆಯ ಪ್ರಸ್ಥಭೂಮಿ, 'ರೆಗ್' ಎಂಬ ಜಲ್ಲಿಕಲ್ಲಿನ ಬಯಲು, ಒಣಗಿದ ನದಿಪಾತ್ರಗಳು ಮತ್ತು ಪರ್ವತಗಳು. ಅಲ್ಜೀರಿಯಾದ ಅಹಗ್ಗರ್ ಪರ್ವತಗಳು ಸುಮಾರು 2,900 ಮೀಟರು ಎತ್ತರವಿದ್ದರೆ, ಚಾಡ್ ದೇಶದ ತಿಬೆಸ್ತಿಯಲ್ಲಿರುವ ಎಮಿ ಕೂಸಿ ಎಂಬ ಜ್ವಾಲಾಮುಖಿ ಶಿಖರ 3,400 ಮೀಟರಿಗೂ ಮಿಕ್ಕಿದೆ.

ಈ ವಿಶಾಲ ನೆಲ ಒಣಗಿರುವುದಕ್ಕೆ ಕಾರಣ ವಾಯುಮಂಡಲದ ಸಂಚಾರದಲ್ಲಿದೆ. ಸಮಭಾಜಕ ವೃತ್ತದ ಬಳಿ ಬಿಸಿಯಾದ ತೇವಭರಿತ ಗಾಳಿ ಮೇಲೇರಿ, ತನ್ನ ನೀರನ್ನೆಲ್ಲ ಅಲ್ಲಿಯೇ ಮಳೆಯಾಗಿ ಸುರಿಸಿ, ಎತ್ತರದಲ್ಲಿ ಉತ್ತರ ದಕ್ಷಿಣಗಳಿಗೆ ಹರಿದು, 20ರಿಂದ 30 ಡಿಗ್ರಿ ಅಕ್ಷಾಂಶಗಳ ಸುತ್ತಮುತ್ತ ಒಣಗಾಳಿಯಾಗಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಮೋಡ ಕಟ್ಟಲು ಬಿಡುವುದಿಲ್ಲ. ಮೇಲೇರುವ ಗಾಳಿಯ ಈ ಪಟ್ಟಿಯನ್ನು, ಅಂದರೆ ಎರಡು ಗೋಳಾರ್ಧಗಳ ವಾಣಿಜ್ಯ ಮಾರುತಗಳು ಕೂಡುವ ಮಳೆಪಟ್ಟಿಯನ್ನು, ಸೂರ್ಯನ ಚಲನೆ ತನ್ನೊಡನೆ ಎಳೆದೊಯ್ಯುತ್ತದೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಪಶ್ಚಿಮ ಆಫ್ರಿಕಾದ ಮುಂಗಾರು ಸಹಾರಾದ ದಕ್ಷಿಣ ಅಂಚನ್ನು ಮುಟ್ಟಿ ಹಿಂದಿರುಗುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವ ಹರ್ಮಾಟನ್ ಎಂಬ ಒಣಗಾಳಿ ಮರುಭೂಮಿಯ ಧೂಳನ್ನು ಗಿನಿ ಕೊಲ್ಲಿಯ ತೀರದವರೆಗೂ ಒಯ್ಯುತ್ತದೆ. ಈ ಎರಡು ಗಾಳಿಗಳ ನಡುವೆ ಸಿಕ್ಕಿರುವ, ವರ್ಷಕ್ಕೆ ಸ್ಥೂಲವಾಗಿ 200ರಿಂದ 600 ಮಿಲಿಮೀಟರು ಮಳೆ ಕಾಣುವ ಪಟ್ಟಿಯೇ ಸಹೇಲ್. ಅಟ್ಲಾಂಟಿಕ್ ತೀರದ ಸೆನೆಗಲ್‌ನಿಂದ ಪೂರ್ವದ ಸುಡಾನ್‌ವರೆಗೆ ಹಬ್ಬಿರುವ ಈ ಪಟ್ಟಿಯಲ್ಲಿಯೇ ಮುಂದೆ ಘಾನಾ, ಮಾಲಿ, ಸೊಂಘಾಯ್ ಎಂಬ ರಾಜ್ಯಗಳು ತಲೆಯೆತ್ತಿದವು.

ಇಂದು ಇರುವ ಈ ವ್ಯವಸ್ಥೆ ಶಾಶ್ವತವಲ್ಲ. ಭೂಮಿಯ ಅಕ್ಷ ನಿಧಾನವಾಗಿ ತೂಗಾಡುವುದರಿಂದ, ಭೂಮಿ ಸೂರ್ಯನಿಗೆ ಅತಿ ಸಮೀಪವಾಗುವ ಕಾಲ ಸುಮಾರು 23,000 ವರ್ಷಗಳ ಆವರ್ತದಲ್ಲಿ ಬೇರೆ ಬೇರೆ ಋತುಗಳಿಗೆ ಸರಿಯುತ್ತ ಹೋಗುತ್ತದೆ. ಈಗ ಆ ಸಮೀಪದ ದಿನ ಜನವರಿಯ ಆರಂಭದಲ್ಲಿ ಬರುತ್ತದೆ. ಸುಮಾರು 10,000 ವರ್ಷಗಳ ಹಿಂದೆ ಅದು ಉತ್ತರ ಗೋಳಾರ್ಧದ ಬೇಸಿಗೆಯಲ್ಲಿ ಬರುತ್ತಿತ್ತು. ಆಗ ಬೇಸಿಗೆಯ ಬಿಸಿಲು ಹೆಚ್ಚಿ, ನೆಲ ಹೆಚ್ಚು ಕಾದು, ಸಮುದ್ರದಿಂದ ತೇವದ ಗಾಳಿಯನ್ನು ಇನ್ನಷ್ಟು ಒಳಗೆ ಸೆಳೆಯಿತು. ಭಾರತದ ಮುಂಗಾರು ಕೂಡ ಅದೇ ಕಾರಣದಿಂದ ಅದೇ ಕಾಲದಲ್ಲಿ ಬಲಗೊಂಡಿತು. ಮಳೆ ಬಿದ್ದಲ್ಲಿ ಹುಲ್ಲು ಬೆಳೆದು, ಹುಲ್ಲು ನೆಲದ ತೇವವನ್ನು ಹಿಡಿದಿಟ್ಟು, ಆ ತೇವ ಮತ್ತೆ ಮಳೆಗೆ ನೆರವಾಯಿತು. ಸ್ಥೂಲವಾಗಿ 14,500 ವರ್ಷಗಳ ಹಿಂದಿನಿಂದ 5,000 ವರ್ಷಗಳ ಹಿಂದಿನವರೆಗೆ, ನಡುವೆ ಕೆಲವು ಒಣ ಅವಧಿಗಳಿದ್ದರೂ, ನಡೆದ ಈ ಕಾಲವನ್ನು ವಿದ್ವಾಂಸರು ಆಫ್ರಿಕಾದ ಆರ್ದ್ರ ಯುಗವೆಂದು ಕರೆಯುತ್ತಾರೆ.

ಆ ಯುಗದ ಸಾಕ್ಷ್ಯಗಳು ಹಲವು ಬಗೆಯವು. ಚಾಡ್ ಸರೋವರ ಆಗ ಸುಮಾರು 3.5 ಲಕ್ಷ ಚದರ ಕಿಲೋಮೀಟರು ವಿಸ್ತಾರಕ್ಕೆ ಹಬ್ಬಿ ಇಂದಿನ ಕ್ಯಾಸ್ಪಿಯನ್ ಸಮುದ್ರಕ್ಕೆ ಸಮೀಪದ ಗಾತ್ರ ಪಡೆದಿತ್ತೆಂಬುದನ್ನು ಅದರ ಹಳೆಯ ದಡದ ಮರಳಿನ ಏರುಗಳು ತೋರಿಸುತ್ತವೆ. ನೈಜೀರಿಯಾದ ಈಶಾನ್ಯದಲ್ಲಿರುವ ದುಫುನಾ ಎಂಬ ಹಳ್ಳಿಯಲ್ಲಿ 1987ರಲ್ಲಿ ಬಾವಿ ತೋಡುವಾಗ ಸುಮಾರು 8,000 ವರ್ಷ ಹಳೆಯ ಮರದ ದೋಣಿ ಸಿಕ್ಕಿತು. ಎಂಟು ಮೀಟರಿಗೂ ಉದ್ದವಾದ ಈ ದೋಣಿ ಆಫ್ರಿಕಾದಲ್ಲಿ ದೊರೆತಿರುವ ದೋಣಿಗಳಲ್ಲಿಯೇ ಅತ್ಯಂತ ಪ್ರಾಚೀನವಾದುದು. ಜರ್ಮನಿಯ ಪ್ರವಾಸಿ ಹೈನ್‌ರಿಖ್ ಬಾರ್ತ್ 1850ರಲ್ಲಿ ಇಂದಿನ ಲಿಬಿಯಾದ ಫೆಜ್ಜಾನ್ ಪ್ರದೇಶದಲ್ಲಿ ಬಂಡೆಗಳ ಮೇಲೆ ಕೆತ್ತಿದ ದನಗಳ ಚಿತ್ರಗಳನ್ನು ಕಂಡು, ಅವುಗಳಲ್ಲಿ ಒಂಟೆ ಇಲ್ಲದಿರುವುದನ್ನು ಗುರುತಿಸಿ, ಈ ನೆಲದ ಹಿಂದಿನ ಬದುಕು ಬೇರೆಯೇ ಆಗಿತ್ತೆಂದು ಊಹಿಸಿದನು. ಅಲ್ಜೀರಿಯಾದ ತಸ್ಸಿಲಿ ನ್'ಅಜ್ಜೇರ್ ಪ್ರಸ್ಥಭೂಮಿಯಲ್ಲಿರುವ, 15,000ಕ್ಕೂ ಹೆಚ್ಚಿನ ಚಿತ್ರಗಳು ಮತ್ತು ಕೆತ್ತನೆಗಳು ಅವನ ಊಹೆಯನ್ನು ದೃಢಪಡಿಸಿದವು. 1982ರಲ್ಲಿ ಯುನೆಸ್ಕೋ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲಿಬಿಯಾದ ತಕರ್ಕೋರಿ ಗವಿಯಲ್ಲಿ ದೊರೆತ, ಸುಮಾರು 7,000 ವರ್ಷ ಹಳೆಯ ಮಡಕೆಚೂರುಗಳಲ್ಲಿ ಹಾಲಿನ ಕೊಬ್ಬಿನ ಅಂಶ ಕಂಡುಬಂದದ್ದರಿಂದ, ಆ ಜನ ದನಗಳನ್ನು ಸಾಕಿ ಹಾಲನ್ನು ಬಳಸುತ್ತಿದ್ದರೆಂಬುದೂ ಸಿದ್ಧವಾಗಿದೆ.

ಮಳೆ ಹೇಗೆ ಹಿಂದೆ ಸರಿಯಿತೆಂಬುದು ಇಂದಿಗೂ ಚರ್ಚೆಯ ವಿಷಯ. ಮಾರಿಟೇನಿಯಾದ ಎದುರಿನ ಸಾಗರತಳದ ಕೆಸರಿನಲ್ಲಿ ಸುಮಾರು 5,500 ವರ್ಷಗಳ ಹಿಂದೆ ಮರುಭೂಮಿಯ ಧೂಳು ಒಮ್ಮೆಲೇ ಹೆಚ್ಚಿರುವುದನ್ನು ಕಂಡವರು ಬದಲಾವಣೆ ಕೆಲವೇ ಶತಮಾನಗಳಲ್ಲಿ ಮುಗಿಯಿತೆಂದರು. ಚಾಡ್‌ನ ಉತ್ತರದಲ್ಲಿರುವ ಯೋವಾ ಸರೋವರದ ಕೆಸರಿನ ಪದರಗಳನ್ನು ಅಭ್ಯಸಿಸಿದ ಸ್ಟೆಫಾನ್ ಕ್ರೋಪೆಲಿನ್ ಮತ್ತು ಸಂಗಡಿಗರು 2008ರಲ್ಲಿ, ಅಲ್ಲಿ ಹಸಿರು ಸಾವಿರಾರು ವರ್ಷಗಳಲ್ಲಿ ಹಂತಹಂತವಾಗಿ ಅಳಿಯಿತೆಂದು ತೋರಿಸಿದರು. ಬೇರೆ ಬೇರೆ ಅಕ್ಷಾಂಶಗಳಲ್ಲಿ ಬದಲಾವಣೆಯ ವೇಗ ಬೇರೆಬೇರೆಯಾಗಿತ್ತೆಂದು ತಿಳಿದರೆ ಎರಡು ಸಾಕ್ಷ್ಯಗಳೂ ಹೊಂದುತ್ತವೆ. ನೀರು ಕಡಿಮೆಯಾದಂತೆ ಜನರು ನೈಲ್ ಕಣಿವೆಯತ್ತ, ಪರ್ವತಗಳತ್ತ, ದಕ್ಷಿಣದ ಸಹೇಲ್‌ನತ್ತ ಸರಿದರು. ಹೀಗೆ ಸರಿದವರು ಕಾಡುಹುಲ್ಲುಗಳ ಕಾಳನ್ನು ಬಿತ್ತಿ ಬೆಳೆಯತೊಡಗಿದ್ದರಿಂದ, ಇಂದಿನ ಮಾಲಿ ದೇಶದ ತಿಲೆಮ್ಸಿ ಕಣಿವೆಯಲ್ಲಿ ಕ್ರಿ.ಪೂ. 2500ರ ಹೊತ್ತಿಗೆ ಸಜ್ಜೆಯೂ, ಅದಕ್ಕೂ ಮೊದಲು ಸುಡಾನ್‌ನ ಪೂರ್ವಭಾಗದಲ್ಲಿ ಜೋಳವೂ ಕೃಷಿಯ ಬೆಳೆಗಳಾದವು. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಈ ಧಾನ್ಯಗಳು ಭಾರತವನ್ನು ತಲುಪಿದವು. ಹಾವೇರಿ ಜಿಲ್ಲೆಯ ಹಳ್ಳೂರಿನ ಪ್ರಾಚೀನ ನೆಲೆಯಲ್ಲಿ ಸಜ್ಜೆಯ ಕಾಳುಗಳು ದೊರೆತಿವೆ. ಉತ್ತರ ಕರ್ನಾಟಕದ ರೊಟ್ಟಿಯ ಹಿಂದೆ ಆಫ್ರಿಕಾದ ಒಣಗುತ್ತಿದ್ದ ಅಂಚಿನಲ್ಲಿ ಬರವನ್ನು ಎದುರಿಸಿದ ರೈತರ ಶ್ರಮವಿದೆ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಕೆರೆಗಳು ಬತ್ತಿದಾಗ ಅವುಗಳ ನೀರಿನಲ್ಲಿ ಕರಗಿದ್ದ ಲವಣಗಳು ತಳದಲ್ಲಿ ಉಳಿದವು. ಹೊರಹರಿವು ಇಲ್ಲದ ತಗ್ಗಿನಲ್ಲಿ ನಿಂತ ನೀರು ಆವಿಯಾಗುತ್ತ ಹೋದಂತೆ ಉಪ್ಪಿನ ಸಾಂದ್ರತೆ ಹೆಚ್ಚಿ, ಕೊನೆಗೆ ಅದು ಹರಳುಗಟ್ಟಿ ಜೇಡಿಯ ಪದರಗಳ ನಡುವೆ ಹಾಸಾಗಿ ಕೂರುತ್ತದೆ. ಮಾಲಿಯ ಉತ್ತರ ತುದಿಯಲ್ಲಿರುವ ತೌದೆನ್ನಿಯ ಉಪ್ಪು ಇಂಥ ಪ್ರಾಚೀನ ಸರೋವರದ ಉಳಿಕೆ. ನೈಜರ್ ದೇಶದ ಬಿಲ್ಮಾದಲ್ಲಿ ನೆಲದಡಿಯ ಉಪ್ಪುನೀರನ್ನು ಗುಂಡಿಗಳಲ್ಲಿ ಆವಿಯಾಗಿಸಿ ಉಪ್ಪು ತೆಗೆಯುತ್ತಾರೆ. ಇನ್ನೊಂದು ಕಡೆ, ಮಳೆ ಹೆಚ್ಚಿರುವ ದಕ್ಷಿಣದ ಸವನ್ನಾ ಮತ್ತು ಕಾಡಿನ ಪ್ರದೇಶಗಳಲ್ಲಿ ನೆಲದ ಲವಣಗಳೆಲ್ಲ ತೊಳೆದುಹೋಗಿ ಉಪ್ಪು ದುರ್ಲಭವಾಗಿತ್ತು. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವ, ಧಾನ್ಯವನ್ನೇ ಮುಖ್ಯ ಆಹಾರವಾಗಿ ಉಣ್ಣುವ ಜನರಿಗೆ ಅದು ಅತ್ಯಗತ್ಯವೂ ಆಗಿತ್ತು. ಅದೇ ದಕ್ಷಿಣದಲ್ಲಿ, ಸೆನೆಗಲ್ ಮತ್ತು ನೈಜರ್ ನದಿಗಳ ಮೇಲ್ಭಾಗದ ಬಂಬುಕ್ ಮತ್ತು ಬುರೆ ಎಂಬ ಸೀಮೆಗಳಲ್ಲಿ, ನದಿಯ ಮೆಕ್ಕಲಿನಿಂದ ಚಿನ್ನ ದೊರೆಯುತ್ತಿತ್ತು. ಮಳೆ ಬಿಟ್ಟುಹೋದ ಕಡೆ ಉಪ್ಪು, ಮಳೆ ಇರುವ ಕಡೆ ಚಿನ್ನ ಮತ್ತು ಧಾನ್ಯ: ವ್ಯಾಪಾರದ ತಕ್ಕಡಿಯ ಎರಡೂ ತಟ್ಟೆಗಳನ್ನು ಹವಾಗುಣವೇ ತುಂಬಿಕೊಟ್ಟಿತ್ತು.

ಮರುಭೂಮಿಯನ್ನು ದಾಟುವ ವ್ಯವಸ್ಥೆ ಮೊದಲು ರೂಪುಗೊಂಡದ್ದು ಫೆಜ್ಜಾನ್‌ನ ಗರಮಾಂಟರಲ್ಲಿ. ಕ್ರಿ.ಪೂ. ಐದನೆಯ ಶತಮಾನದಲ್ಲಿಯೇ ಗ್ರೀಕ್ ಚರಿತ್ರಕಾರ ಹೆರೊಡೊಟಸ್ ಹೆಸರಿಸಿರುವ ಈ ಜನರು ಗರಮಾ ಎಂಬ ರಾಜಧಾನಿಯನ್ನು ಕಟ್ಟಿ, 'ಫೊಗ್ಗಾರಾ' ಎಂಬ ಸುರಂಗಗಳ ಮೂಲಕ ನೆಲದಡಿಯ ನೀರನ್ನು ಹೊಲಗಳಿಗೆ ಹರಿಸಿದರು. ಬೆಟ್ಟದ ಬುಡದಲ್ಲಿರುವ ಜಲಪದರದಿಂದ ಅತಿ ಕಡಿಮೆ ಇಳಿಜಾರಿನ ಸುರಂಗವನ್ನು ತೋಡಿ, ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಬಾವಿಗಳಂಥ ರಂಧ್ರಗಳನ್ನು ಬಿಡುವ ಈ ತಂತ್ರ, ಬೀದರಿನಲ್ಲಿ ಬಹಮನಿಗಳ ಕಾಲದಲ್ಲಿ ನಿರ್ಮಾಣವಾದ ಕರೇಜ್ ಎಂಬ ಸುರಂಗ ಬಾವಿಗಳ ತಂತ್ರವೇ ಆಗಿದೆ. ಆದರೆ ಬೀದರಿನ ಸುರಂಗಗಳಿಗೆ ವರ್ಷವರ್ಷವೂ ಮಳೆಯ ನೀರು ಇಂಗಿ ಬರುತ್ತಿತ್ತು. ಗರಮಾಂಟರು ತೆಗೆದದ್ದು ಆರ್ದ್ರ ಯುಗಗಳಲ್ಲಿ ಇಂಗಿ ಉಳಿದ, ಮತ್ತೆ ತುಂಬದ ನೀರು. ಜಲಮಟ್ಟ ಇಳಿಯುತ್ತ ಹೋದಂತೆ ಸುರಂಗಗಳು ಒಣಗಿದವು, ಮತ್ತು ಕ್ರಿ.ಶ. ಆರನೆಯ ಶತಮಾನದ ಹೊತ್ತಿಗೆ ಅವರ ರಾಜ್ಯ ಕ್ಷೀಣಿಸಿತು. ಅಷ್ಟರಲ್ಲಿ ಅರೇಬಿಯಾ ಕಡೆಯಿಂದ ಬಂದ ಒಂಟೆ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಸಹಾರಾದಲ್ಲಿ ನೆಲೆಗೊಂಡು, ಒಂದು ಬಾವಿಯಿಂದ ಹತ್ತು ದಿನಗಳಾಚೆಯ ಇನ್ನೊಂದು ಬಾವಿಗೆ ಹೇರು ಹೊತ್ತು ನಡೆಯುವುದನ್ನು ಸಾಧ್ಯಗೊಳಿಸಿತು.

ಎಂಟನೆಯ ಶತಮಾನದಿಂದ ಈ ಸಂಚಾರ ನಿಯಮಿತ ವಾಣಿಜ್ಯವಾಯಿತು. ಮೊರೊಕ್ಕೊದ ದಕ್ಷಿಣ ಅಂಚಿನ ತಾಫಿಲಾಲ್ತ್ ಓಯಸಿಸ್‌ನಲ್ಲಿ, ಅಂದರೆ ಚಿಲುಮೆಯ ನೀರಿನಿಂದ ಹಸಿರಾದ ಮರುಭೂಮಿಯ ನೆಲೆಯಲ್ಲಿ, 757ರಲ್ಲಿ ಸಿಜಿಲ್ಮಾಸಾ ನಗರ ಸ್ಥಾಪನೆಯಾಗಿ ಒಂಟೆಗಳ ಸಾರ್ಥಗಳಿಗೆ ಉತ್ತರದ ಬಾಗಿಲಾಯಿತು. ದಕ್ಷಿಣದ ತುದಿಯಲ್ಲಿ, ಇಂದಿನ ಮಾರಿಟೇನಿಯಾ ಮತ್ತು ಮಾಲಿಗಳ ಗಡಿಯ ಸಹೇಲ್ ಪ್ರದೇಶದಲ್ಲಿ, ಘಾನಾ ರಾಜ್ಯ ಈ ವ್ಯಾಪಾರದ ಸುಂಕದಿಂದಲೇ ಬಲಗೊಂಡಿತು. ಸ್ಪೇನಿನ ಕೊರ್ಡೊಬಾದಲ್ಲಿ ಕುಳಿತು ಪ್ರಯಾಣಿಕರ ಮಾತುಗಳನ್ನು ಸಂಗ್ರಹಿಸಿದ ಅಲ್-ಬಕ್ರಿ ಎಂಬ ಭೂಗೋಳಕಾರ 1068ರಲ್ಲಿ ಬರೆದಂತೆ, ಅಲ್ಲಿನ ಅರಸ ರಾಜ್ಯದೊಳಗೆ ಬರುವ ಪ್ರತಿ ಕತ್ತೆಹೇರು ಉಪ್ಪಿಗೆ ಒಂದು ಚಿನ್ನದ ದಿನಾರನ್ನೂ, ಹೊರಗೆ ಹೋಗುವ ಹೇರಿಗೆ ಎರಡು ದಿನಾರನ್ನೂ ಸುಂಕವಾಗಿ ವಸೂಲು ಮಾಡುತ್ತಿದ್ದನು. ಉಪ್ಪಿನ ಗಣಿಯಾಗಲಿ ಚಿನ್ನದ ಗಣಿಯಾಗಲಿ ನೇರವಾಗಿ ಕೈಯಲ್ಲಿಲ್ಲದ ಒಂದು ರಾಜ್ಯ, ಅವೆರಡೂ ಹಾದುಹೋಗುವ ಮಳೆಯ ಅಂಚಿನಲ್ಲಿ ನೆಲೆಸಿದ್ದರಿಂದಲೇ ಸಂಪನ್ನವಾಯಿತು.

ಈ ಮಾರ್ಗದ ಅತ್ಯಂತ ವಿವರವಾದ ವರ್ಣನೆ ಇಬ್ನ್ ಬತೂತನದು. 1340ರ ದಶಕದಲ್ಲಿ ಹೊನ್ನಾವರ ಮತ್ತು ಮಂಗಳೂರುಗಳನ್ನು ಕಂಡು ಬರೆದ ಈ ಮೊರೊಕ್ಕೊದ ಪ್ರವಾಸಿ, 1352ರ ಫೆಬ್ರವರಿಯಲ್ಲಿ ಸಿಜಿಲ್ಮಾಸಾದಿಂದ ಹೊರಟು 25 ದಿನಗಳ ಬಳಿಕ ತಘಾಜಾ ಎಂಬ ಉಪ್ಪಿನ ಗಣಿಯ ಊರನ್ನು ತಲುಪಿದನು. ಅಲ್ಲಿನ ಮನೆಗಳನ್ನೂ ಮಸೀದಿಯನ್ನೂ ಉಪ್ಪಿನ ಚಪ್ಪಡಿಗಳಿಂದ ಕಟ್ಟಿ ಒಂಟೆಯ ಚರ್ಮ ಹೊದಿಸಿದ್ದರು. ಮರವೊಂದೂ ಇರಲಿಲ್ಲ, ನೀರು ಉಪ್ಪಾಗಿತ್ತು. ಗಣಿಯಲ್ಲಿ ದುಡಿಯುತ್ತಿದ್ದ ಗುಲಾಮರು ಉತ್ತರದಿಂದ ಬಂದ ಖರ್ಜೂರ, ದಕ್ಷಿಣದಿಂದ ಬಂದ ಧಾನ್ಯ ಮತ್ತು ಒಂಟೆಯ ಮಾಂಸವನ್ನು ನಂಬಿ ಬದುಕಿದ್ದರು. ಒಂದು ಒಂಟೆ ಎರಡು ಚಪ್ಪಡಿಗಳನ್ನು ಹೊರುತ್ತಿತ್ತು. ಆ ಹೇರಿನ ಬೆಲೆ ಸಹಾರಾದ ದಕ್ಷಿಣ ಅಂಚಿನ ವಲಾತಾದಲ್ಲಿ 8ರಿಂದ 10 ಮಿತ್ಕಾಲ್ (ಮಿತ್ಕಾಲ್ ಎಂದರೆ ಸುಮಾರು ನಾಲ್ಕೂಕಾಲು ಗ್ರಾಂ ಚಿನ್ನ), ಮಾಲಿಯ ರಾಜಧಾನಿಯಲ್ಲಿ 20ರಿಂದ 30, ಕೆಲವೊಮ್ಮೆ 40 ಮಿತ್ಕಾಲ್ ಆಗಿತ್ತು. ಮಳೆಯ ನಾಡಿನೊಳಕ್ಕೆ ಹೋದಷ್ಟೂ ಉಪ್ಪು ಚಿನ್ನಕ್ಕೆ ಸಮೀಪವಾಗುತ್ತಿತ್ತು. ನೀರಿಲ್ಲದ ಹಾದಿಯಲ್ಲಿ ಸಾರ್ಥಕ್ಕಿಂತ ಮುಂಚೆ ಒಬ್ಬನೇ ಹೋಗಿ ವಲಾತಾದವರಿಗೆ ಸುದ್ದಿ ಮುಟ್ಟಿಸಿ, ಅವರು ನೀರು ಹೊತ್ತು ಎದುರು ಬರುವಂತೆ ಮಾಡುವ 'ತಕ್ಷೀಫ್' ಎಂಬ ದೂತನ ವಿಷಯವನ್ನೂ ಅವನು ಬರೆದಿದ್ದಾನೆ. ಆ ದೂತ ದಾರಿತಪ್ಪಿ ಸತ್ತರೆ ಇಡೀ ಸಾರ್ಥವೇ ಅಳಿಯುವ ಸಂಭವವಿತ್ತು.

ಒಂಟೆಯ ಪಯಣ ಎಲ್ಲಿ ನಿಲ್ಲಬೇಕೆಂಬುದನ್ನೂ ಹವಾಗುಣವೇ ನಿರ್ಧರಿಸಿತು. ಮಳೆ ಹೆಚ್ಚಾದ ಕಡೆ ಪೊದೆಗಳಲ್ಲಿ ವಾಸಿಸುವ ತ್ಸೆತ್ಸೆ ನೊಣ ಪ್ರಾಣಿಗಳ ರಕ್ತದಲ್ಲಿ ಮಾರಕ ರೋಗವನ್ನು ಹರಡುವುದರಿಂದ ಒಂಟೆ, ಕುದುರೆ, ದನಗಳು ಅಲ್ಲಿ ಬಹುಕಾಲ ಬದುಕಲಾರವು. ಆದ್ದರಿಂದ ಸಹೇಲ್‌ನಲ್ಲಿ ಸರಕನ್ನು ಇಳಿಸಿ ದೋಣಿಗೋ ಕತ್ತೆಗೋ ಕೊನೆಗೆ ಮನುಷ್ಯರ ತಲೆಗೋ ಹೇರಬೇಕಾಗಿತ್ತು. ಗಿನಿಯ ಎತ್ತರದ ಸೀಮೆಯಲ್ಲಿ, ಸಮುದ್ರಕ್ಕೆ ಸುಮಾರು 240 ಕಿಲೋಮೀಟರು ದೂರದಲ್ಲಿ ಹುಟ್ಟಿಯೂ ಅದಕ್ಕೆ ಬೆನ್ನು ಹಾಕಿ ಮರುಭೂಮಿಯ ಅಂಚಿಗೆ ಹರಿದು, ಅಲ್ಲಿಂದ ಬಾಗಿ ಗಿನಿ ಕೊಲ್ಲಿಯನ್ನು ಸೇರುವ ನೈಜರ್ ನದಿ ಈ ವಿನಿಮಯಕ್ಕೆ ಒದಗಿತು, ಮತ್ತು ಆ ಬಾಗಿನಲ್ಲಿ ಹನ್ನೆರಡನೆಯ ಶತಮಾನದ ಆರಂಭದ ಹೊತ್ತಿಗೆ ಟಿಂಬಕ್ಟು ನಗರ ನೆಲೆಗೊಂಡಿತು. ಗಿನಿಯಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಯ ನೆರೆ, ನಡುವಿನ ವಿಶಾಲ ಜೌಗುಪ್ರದೇಶದಲ್ಲಿ ಹರಡಿ ನಿಧಾನವಾಗಿ ಸರಿದು, ಟಿಂಬಕ್ಟುವನ್ನು ತಲುಪುವುದು ಡಿಸೆಂಬರ್ ಮತ್ತು ಜನವರಿಯ ಹೊತ್ತಿಗೆ. ಮರುಭೂಮಿಯ ಬಿಸಿಲು ತಗ್ಗಿ ಉಪ್ಪಿನ ಸಾರ್ಥಗಳು ಸಂಚರಿಸುವುದೂ ಅದೇ ಚಳಿಗಾಲದಲ್ಲಿ. ಒಂಟೆ ಬರುವ ಕಾಲಕ್ಕೆ ದೋಣಿಗೆ ನೀರು ಬರುತ್ತಿದ್ದುದರಿಂದ ಉಪ್ಪು ನದಿಯಲ್ಲಿ ಜೆನ್ನೆ ಪಟ್ಟಣದವರೆಗೂ ಸಾಗಿ ಅಲ್ಲಿಂದ ದಕ್ಷಿಣದ ಸಂತೆಗಳಿಗೆ ಹರಡಿತು. ಇಂಥ ಸಂಪತ್ತಿನ ಆಸರೆಯಲ್ಲಿಯೇ ಟಿಂಬಕ್ಟು ವಿದ್ಯಾಕೇಂದ್ರವಾಗಿ, ಹಸ್ತಪ್ರತಿಗಳ ಭಂಡಾರವಾಗಿ ಬೆಳೆಯಿತು.

ಈ ವಾಣಿಜ್ಯದ ವೈಭವವನ್ನು ಹೇಳುವಾಗ ಅದರ ಕ್ರೌರ್ಯವನ್ನು ಮರೆಮಾಡಬಾರದು. ಮಾಲಿಯ ಅರಸ ಮನ್ಸಾ ಮೂಸಾ 1324ರಲ್ಲಿ ಮಕ್ಕಾ ಯಾತ್ರೆಗೆ ಹೋಗುವಾಗ ಕೈರೋದಲ್ಲಿ ಹಂಚಿದ ಚಿನ್ನದಿಂದ ಅಲ್ಲಿ ಚಿನ್ನದ ಬೆಲೆಯೇ ಕುಸಿಯಿತು. ಆದರೆ ಚಿನ್ನ ಹೋದ ಹಾದಿಯಲ್ಲಿಯೇ ಶತಮಾನಗಳ ಕಾಲ ಲಕ್ಷಾಂತರ ಮನುಷ್ಯರೂ ಗುಲಾಮರಾಗಿ ಉತ್ತರಕ್ಕೆ ಸಾಗಿಸಲ್ಪಟ್ಟರು, ಬಹಳ ಜನ ಹಾದಿಯಲ್ಲಿಯೇ ಸತ್ತರು. ಹದಿನೈದನೆಯ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದು 1482ರಲ್ಲಿ ಎಲ್ಮಿನಾ ಕೋಟೆಯನ್ನು ಕಟ್ಟಿದ ಮೇಲೆ ಚಿನ್ನದ ಒಂದು ಪಾಲು ಸಮುದ್ರದತ್ತ ತಿರುಗಿತು. ಉಪ್ಪು ಮತ್ತು ಚಿನ್ನಗಳ ಮೇಲೆ ಹಿಡಿತ ಬಯಸಿದ ಮೊರೊಕ್ಕೊದ ಸುಲ್ತಾನನ ಸೈನ್ಯ ಮರುಭೂಮಿಯನ್ನು ದಾಟಿ 1591ರಲ್ಲಿ ತೊಂದಿಬಿ ಎಂಬಲ್ಲಿ ಸೊಂಘಾಯ್ ರಾಜ್ಯವನ್ನು ಸೋಲಿಸಿತು. ತಘಾಜಾ ಪಾಳುಬಿದ್ದು ಗಣಿಕೆಲಸ ತೌದೆನ್ನಿಗೆ ಸರಿಯಿತು. ಆ ಬಳಿಕವೂ ಉಪ್ಪಿನ ಸಾರ್ಥಗಳು ನಿಲ್ಲಲಿಲ್ಲ. 'ಅಜಲಾಯ್' ಎಂಬ ಹೆಸರಿನ ಅವು ಇಪ್ಪತ್ತನೆಯ ಶತಮಾನದಲ್ಲಿ ಲಾರಿಗಳು ಬರುವವರೆಗೂ ತೌದೆನ್ನಿಯಿಂದ ಟಿಂಬಕ್ಟುವಿಗೆ, ಬಿಲ್ಮಾದಿಂದ ಅಗಾದೆಸ್‌ಗೆ ದೊಡ್ಡ ಪ್ರಮಾಣದಲ್ಲಿ ನಡೆದವು. ಅಗಾದೆಸ್ ಹಾದಿಯಲ್ಲಿ ಗುರುತಾಗಿ ನಿಂತಿದ್ದ ತೆನೆರೆಯ ಒಂಟಿ ಜಾಲಿಯ ಮರ 1973ರಲ್ಲಿ ಲಾರಿಯೊಂದು ಡಿಕ್ಕಿ ಹೊಡೆದು ಉರುಳಿತು; ಅದರ ಬೇರುಗಳು 30 ಮೀಟರಿಗೂ ಆಳದ ನೀರನ್ನು ಮುಟ್ಟಿದ್ದವೆಂಬುದು ಅದರ ಬಳಿ ಬಾವಿ ತೋಡಿದಾಗ ತಿಳಿದಿತ್ತು.

ಮಳೆಯ ಗಡಿ ಸರಿಯುವುದು ಹಳೆಯ ಕಾಲದೊಂದಿಗೆ ಮುಗಿದ ಸಂಗತಿಯಲ್ಲ. 1960ರ ದಶಕದ ಕೊನೆಯಿಂದ ಸಹೇಲ್‌ನಲ್ಲಿ ದೀರ್ಘ ಬರ ಬಿದ್ದು, ದನಕರುಗಳೂ ಜನರೂ ಅಪಾರ ಸಂಖ್ಯೆಯಲ್ಲಿ ಸತ್ತರು. 1960ರ ದಶಕದ ಆರಂಭದಲ್ಲಿ ಸುಮಾರು 25,000 ಚದರ ಕಿಲೋಮೀಟರು ಇದ್ದ ಚಾಡ್ ಸರೋವರ 1980ರ ದಶಕದ ನಡುವಿಗೆ ಹತ್ತರಲ್ಲಿ ಒಂದು ಭಾಗಕ್ಕೆ ಕುಗ್ಗಿತು. ಹವಾಗುಣ ವಿಜ್ಞಾನಿ ಜೂಲ್ ಚಾರ್ನಿ 1975ರಲ್ಲಿ, ಅತಿಯಾಗಿ ಮೇಯಿಸಿ ಬರಿದಾದ ನೆಲ ಬಿಸಿಲನ್ನು ಹೆಚ್ಚು ಪ್ರತಿಫಲಿಸಿ ಮಳೆಯನ್ನು ತಗ್ಗಿಸುತ್ತದೆಂದು ವಾದಿಸಿದನು. ಈ ವಾದದ ಬೆನ್ನಿಗೆ ಮರುಭೂಮಿ ಹಬ್ಬಿದ್ದಕ್ಕೆ ದನಗಾಹಿಗಳೇ ಕಾರಣರೆಂಬ ಅಭಿಪ್ರಾಯ ಬಲವಾಯಿತು. ಆದರೆ 2003ರಲ್ಲಿ ಅಲೆಸ್ಸಾಂದ್ರಾ ಜಿಯಾನ್ನೀನಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ, ಸಾಗರಗಳ ಮೇಲ್ಮೈ ಉಷ್ಣತೆಯ ಬದಲಾವಣೆಯೇ ಆ ಬರದ ಮುಖ್ಯ ಕಾರಣವೆಂದು ತೋರಿಸಿತು. ಬುರ್ಕಿನಾ ಫಾಸೊದ ರೈತ ಯಾಕೂಬಾ ಸವಾದೊಗೊ 'ಜೈ' ಎಂಬ ಸಾಂಪ್ರದಾಯಿಕ ಗುಣಿಗಳನ್ನು ಅಗಲಿಸಿ, ಗೊಬ್ಬರ ತುಂಬಿ, ಬಿದ್ದ ಮಳೆಯನ್ನು ಅವುಗಳಲ್ಲಿ ತಡೆದು ಬಂಜರು ನೆಲದಲ್ಲಿ ಬೆಳೆಯನ್ನೂ ಕಾಡನ್ನೂ ಎಬ್ಬಿಸಿದ್ದು, ಆಕ್ಷೇಪಕ್ಕೆ ಗುರಿಯಾದ ಸಹೇಲ್‌ನ ಜನರಲ್ಲಿಯೇ ಪರಿಹಾರದ ತಿಳಿವಳಿಕೆಯೂ ಇತ್ತೆಂಬುದಕ್ಕೆ ಸಾಕ್ಷಿ.

ಇಂದು ಸಹಾರಾದಿಂದ ಹೊರತೆಗೆಯಲಾಗುತ್ತಿರುವ ಪ್ರಾಚೀನ ಕಾಲದ ಉಳಿಕೆಗಳಲ್ಲಿ ಉಪ್ಪಿಗಿಂತ ದೊಡ್ಡದು ನೀರು. ಈಜಿಪ್ಟ್, ಲಿಬಿಯಾ, ಸುಡಾನ್ ಮತ್ತು ಚಾಡ್ ದೇಶಗಳ ಕೆಳಗೆ ಹಬ್ಬಿರುವ ನುಬಿಯಾದ ಮರಳುಗಲ್ಲಿನ ಜಲಪದರದಲ್ಲಿರುವುದು ಬಹುಪಾಲು ಹಿಂದಿನ ಆರ್ದ್ರ ಯುಗಗಳಲ್ಲಿ ಇಂಗಿದ ನೀರು. ಲಿಬಿಯಾ 1984ರಲ್ಲಿ ಆರಂಭಿಸಿದ ಬೃಹತ್ ಕೊಳವೆ ಯೋಜನೆ ಮರುಭೂಮಿಯ ಅಡಿಯ ಇಂಥ ನೀರನ್ನೇ ಕರಾವಳಿಯ ನಗರಗಳಿಗೆ ಒಯ್ಯುತ್ತದೆ. ಗರಮಾಂಟರು ಕೈಯಿಂದ ತೋಡಿದ ಸುರಂಗಗಳಿಗೆ ಒಣಗಲು ಶತಮಾನಗಳು ಬೇಕಾದವು. ಯಂತ್ರಗಳು ಎತ್ತುವ ವೇಗಕ್ಕೆ ಅಷ್ಟು ಕಾಲ ಬೇಕಾಗುವುದಿಲ್ಲ. ಉಪ್ಪಿನ ಸಾರ್ಥಗಳನ್ನು ನಡೆಸಿದವರು ಮುಂದಿನ ಬಾವಿಯ ದೂರವನ್ನು ತಿಳಿಯದೆ ಹೆಜ್ಜೆ ಇಡುತ್ತಿರಲಿಲ್ಲ. ನೆಲದಡಿಯ ಒಂದೇ ಜಲನಿಧಿಯನ್ನು ಹಂಚಿಕೊಂಡಿರುವ ದೇಶಗಳೂ ಅದೇ ಎಚ್ಚರದಿಂದ, ಎಷ್ಟು ನೀರು ಉಳಿದಿದೆ, ಯಾರಿಗೆ ಎಷ್ಟು, ಎಷ್ಟು ಕಾಲ ಎಂಬುದನ್ನು ಒಟ್ಟಾಗಿ ಲೆಕ್ಕಹಾಕಿ ಬಳಸಬೇಕಾಗಿದೆ. ಏಕೆಂದರೆ ಆ ನೀರನ್ನು ತುಂಬಿಕೊಟ್ಟಂಥ ಮಳೆ ಮತ್ತೆ ಬರುವುದು ಮನುಷ್ಯರ ಕಾಲಮಾನಕ್ಕೆ ನಿಲುಕದ ಮಾತು.